ಕೋರಲ್ ಡ್ರಾ, ಫೋಟೋಶಾಪ್ ಇಲ್ಲದೆ ಡಿಸೈನ್ ಅಂಗಡಿ ನಡೆಸುವುದು ಹೇಗೆ?

ಬಾಗಲಕೋಟೆ, ಇಳಕಲ್, ವಿಜಯಪುರ, ಬೆಳಗಾವಿ, ಎಲ್ಲೇ ಹೋಗಿ, ಪೇಟೆಯಲ್ಲಿ ನಾಲ್ಕಾರು ಡಿಟಿಪಿ ಅಂಗಡಿ ಇದ್ದೇ ಇರುತ್ತವೆ. ಲಗ್ನಪತ್ರಿಕೆ, ಫ್ಲೆಕ್ಸ್, ಬಿಲ್ ಬುಕ್, ರೇಡಿಯಂ ಸ್ಟಿಕ್ಕರ್. ಕಂಪ್ಯೂಟರ್ ತೆರೆದು ನೋಡಿದರೆ ಅವೇ ಎರಡು ತಂತ್ರಾಂಶ: ಕೋರಲ್ ಡ್ರಾ, ಫೋಟೋಶಾಪ್. ಅದರಲ್ಲಿ ರೊಕ್ಕ ಕೊಟ್ಟು ತಂದದ್ದು ಎಷ್ಟು ಅಂತ ಕೇಳಿದರೆ ಮಾತ್ರ ಎಲ್ಲರೂ ನಕ್ಕು ಸುಮ್ಮನಾಗುತ್ತಾರೆ.

ಫೋಟೋಶಾಪ್ ತಯಾರಿಸುವ ಅಡೋಬಿ 2013ರಿಂದ ತಿಂಗಳ ಬಾಡಿಗೆಯ ದಾರಿ ಹಿಡಿಯಿತು. ಒಮ್ಮೆ ಕೊಂಡು ಹತ್ತು ವರ್ಷ ಬಳಸುವ ಕಾಲ ಹೋಯಿತು. ಸಣ್ಣ ಅಂಗಡಿಗೆ ಅದು ಎರಡನೇ ಕರೆಂಟ್ ಬಿಲ್. ಹಾಗಾಗಿ ಕ್ರ್ಯಾಕ್, ಅಂದರೆ ಬೀಗ ಮುರಿದ ಕಳ್ಳ ಪ್ರತಿ. ಕ್ರ್ಯಾಕ್ ಹಾಕಲು ಆ್ಯಂಟಿವೈರಸ್ ಬಂದ್ ಮಾಡಬೇಕು, ಆಮೇಲೆ ಏನೇನು ಒಳಗೆ ಬರುತ್ತದೆ ಅಂತ ಹೇಳುವವರಿಲ್ಲ. ಕಾನೂನೂ ಸುಮ್ಮನಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ ಪ್ರಕಾರ, ಕದ್ದ ತಂತ್ರಾಂಶ ಅಂತ ಗೊತ್ತಿದ್ದೂ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ.

ಇದಕ್ಕೆ ಪರ್ಯಾಯ ಬಹಳ ದಿನದಿಂದ ಇದೆ. ಎಲ್ಲವೂ ಪುಕ್ಕಟೆ, ಎಲ್ಲವೂ ಓಪನ್ ಸೋರ್ಸ್ (ಒಳಗಿನ ಕೋಡ್ ಎಲ್ಲರಿಗೂ ತೆರೆದಿಟ್ಟದ್ದು), ವ್ಯಾಪಾರಕ್ಕೆ ಬಳಸಲು ಯಾರ ಅಪ್ಪಣೆಯೂ ಬೇಡ. ಆದರೂ ನಮ್ಮ ಕಡೆ ಯಾಕೆ ಬಂದಿಲ್ಲ? ತಂತ್ರಾಂಶ ಕಲಿಯುವುದು ಕಷ್ಟ ಅಂತಲ್ಲ. ಜನ ಸಿಕ್ಕಿಬೀಳುವುದು ಎರಡೇ ಕಡೆ: ಹಳೇ ಫಾಂಟ್‌ನ ಕನ್ನಡ, ಮತ್ತು ಪ್ರೆಸ್‌ಗೆ ಬೇಕಾದ ನಾಲ್ಕು ಬಣ್ಣದ ಫೈಲು. ಈ ಎರಡನ್ನು ಬಗೆಹರಿಸಿಕೊಂಡರೆ ಉಳಿದದ್ದು ಕೈಗೆ ಹತ್ತುವುದು ಅಭ್ಯಾಸದ ಮಾತು.

ಯಾವುದಕ್ಕೆ ಯಾವುದು

ಫೋಟೋಶಾಪ್ ಜಾಗಕ್ಕೆ ಜಿಂಪ್. ಕೋರಲ್ ಡ್ರಾ, ಇಲಸ್ಟ್ರೇಟರ್ ಜಾಗಕ್ಕೆ ಇಂಕ್‌ಸ್ಕೇಪ್. ಪೇಜ್‌ಮೇಕರ್, ಇನ್‌ಡಿಸೈನ್ ಜಾಗಕ್ಕೆ ಸ್ಕ್ರೈಬಸ್. ಕೈಯಲ್ಲಿ ಚಿತ್ರ ಬಿಡಿಸುವವರಿಗೆ ಕ್ರಿಟಾ. ಮೊದಲ ಮೂರಿದ್ದರೆ ಅಂಗಡಿ ನಡೆಯುತ್ತದೆ.

ಇಳಿಸಿಕೊಳ್ಳುವಾಗ ಆಯಾ ತಂತ್ರಾಂಶದ ಸ್ವಂತ ಜಾಲತಾಣದಿಂದಲೇ ಇಳಿಸಿ. ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ಕೊಂಡಿ ಒತ್ತಬೇಡಿ. ಕ್ರಿಟಾ ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ದುಡ್ಡಿಗೆ ಕಾಣಿಸುತ್ತದೆ. ಅದು ಮೋಸವಲ್ಲ, ಆ ದುಡ್ಡು ತಯಾರಕರಿಗೇ ಹೋಗುತ್ತದೆ. ಅವರ ಜಾಲತಾಣದಲ್ಲಿ ಅದೇ ತಂತ್ರಾಂಶ ಪುಕ್ಕಟೆ ಸಿಗುತ್ತದೆ.

ಇನ್ನೊಂದು ಮಾತು. ಕ್ಯಾನ್ವಾ, ಫೋಟೋಪಿಯಾ ಕೂಡ ದುಡ್ಡಿಲ್ಲದೆ ಸಿಗುತ್ತವೆ, ಅಫಿನಿಟಿ 2025ರ ಕೊನೆಯಲ್ಲಿ ಪುಕ್ಕಟೆ ಆಯಿತು. ಚೆನ್ನಾಗಿಯೇ ಇವೆ, ಬಳಸಿ. ಆದರೆ ಇವು ಕಂಪನಿಯ ಸ್ವತ್ತು. ನಾಳೆ ದುಡ್ಡು ಕೇಳಿದರೆ ಕೊಡಬೇಕಾಗುತ್ತದೆ. ಜಿಂಪ್, ಇಂಕ್‌ಸ್ಕೇಪ್ ವಿಷಯದಲ್ಲಿ ಆ ಭಯವಿಲ್ಲ.

ಮೊದಲ ಕೆಲಸ: ಕೋರಲ್ ತೆಗೆಯುವ ಮುಂಚೆ ಹಳೇ ಫೈಲು ಉಳಿಸಿಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ನಿಮ್ಮ ಅಂಗಡಿಯ ಆಸ್ತಿ ಎಂದರೆ ಹಳೇ ಗಿರಾಕಿಗಳ ಫೈಲು. ಇಂಕ್‌ಸ್ಕೇಪ್ ಕೋರಲ್‌ನ ಸಿಡಿಆರ್ ಫೈಲು ತೆರೆಯುತ್ತದೆ ನಿಜ. ಆದರೆ ಕೆಲವು ಸಲ ನೆರಳು ಹೋಗುತ್ತದೆ, ಗ್ರೇಡಿಯಂಟ್ ಬದಲಾಗುತ್ತದೆ, ಅಕ್ಷರ ಜಾಗ ಬಿಡುತ್ತದೆ. ಹಾಗಾಗಿ ಕೋರಲ್ ಕಂಪ್ಯೂಟರ್‌ನಲ್ಲಿ ಇರುವಾಗಲೇ ಕೂತು, ಮತ್ತೆ ಮತ್ತೆ ಬರುವ ಗಿರಾಕಿಗಳ ಫೈಲುಗಳನ್ನು ತೆರೆಯಿರಿ. ಪ್ರತಿಯೊಂದನ್ನೂ ಎರಡು ರೀತಿ ಉಳಿಸಿ. ಒಂದು, ಅಕ್ಷರಗಳನ್ನು ಕರ್ವ್ ಮಾಡಿದ, ಅಂದರೆ ಫಾಂಟ್ ಬೇಡದ ಗೆರೆಯ ಆಕಾರವಾಗಿ ಬದಲಿಸಿದ ಪಿಡಿಎಫ್. ಎರಡು, ಎಸ್‌ವಿಜಿ, ಇಂಕ್‌ಸ್ಕೇಪ್‌ನ ಸ್ವಂತ ಗೆರೆಚಿತ್ರದ ಫೈಲು. ಲೋಗೋ, ಚಿಹ್ನೆ, ದೇವರ ಚಿತ್ರಗಳನ್ನು ಬೇರೆ ಫೋಲ್ಡರ್‌ಗೆ ಎಸ್‌ವಿಜಿಯಾಗಿ ತೆಗೆದಿಡಿ.

ಎಲ್ಲ ಫೈಲು ಮಾಡುತ್ತೇನೆ ಅಂತ ಹೊರಟರೆ ಮುಗಿಯುವುದಿಲ್ಲ. ಕಳೆದ ಎರಡು ವರ್ಷದ್ದು ಸಾಕು.

ಎರಡನೇ ಕೆಲಸ: ಕನ್ನಡವನ್ನು ಯೂನಿಕೋಡ್‌ಗೆ ತನ್ನಿ

ನಮ್ಮ ಅಂಗಡಿಗಳಲ್ಲಿ ಈಗಲೂ ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೇ ಫಾಂಟ್‌ಗಳದ್ದೇ ರಾಜ್ಯ. ಈ ಫಾಂಟ್‌ಗಳಲ್ಲಿ ಕಂಪ್ಯೂಟರ್‌ಗೆ ಗೊತ್ತಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆ ಮಾತ್ರ. ಅದರ ಮೇಲೆ ಕನ್ನಡದ ಚಿತ್ರ ಹೊದಿಸಿರುತ್ತಾರೆ. ಅದಕ್ಕೇ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ‘ನ’ ಇರಬೇಕಾದ ಕಡೆ ಪೌಂಡ್ ಚಿಹ್ನೆ ಕಾಣುತ್ತದೆ. ಇಂಕ್‌ಸ್ಕೇಪ್, ಸ್ಕ್ರೈಬಸ್‌ನಲ್ಲಿ ಈ ಫಾಂಟ್‌ಗಳನ್ನು ಹೇಗೋ ಎಳೆದಾಡಿ ಬಳಸಬಹುದು, ಆದರೆ ಯಾಕೆ ಬೇಕು? ಯೂನಿಕೋಡ್‌ನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಸ್ವಂತ ಸಂಖ್ಯೆ ಇದೆ, ಒತ್ತಕ್ಷರ, ದೀರ್ಘ ತಾವಾಗಿಯೇ ಸರಿಯಾಗಿ ಕೂರುತ್ತವೆ.

ಟೈಪಿಂಗ್ ಹೊಸದಾಗಿ ಕಲಿಯಬೇಕಿಲ್ಲ. ನುಡಿಯ ಕೀಲಿಮಣೆಯಲ್ಲೇ ಯೂನಿಕೋಡ್ ಬರೆಯಬಹುದು. ನುಡಿ ತಂತ್ರಾಂಶದಲ್ಲಿ ಆ ಆಯ್ಕೆ ಇದೆ. ಲಿನಕ್ಸ್ ಬಳಸುವವರಿಗೆ ಅದೇ ವಿನ್ಯಾಸ ಕೆಜಿಪಿ ಎಂಬ ಹೆಸರಿನಲ್ಲಿ ಸಿಗುತ್ತದೆ. ಹಳೇ ಮ್ಯಾಟರ್ ಇದ್ದರೆ ನುಡಿ, ಬರಹದ ಪರಿವರ್ತಕಗಳಲ್ಲಿ ಹಾಕಿ ಬದಲಾಯಿಸಿ. ಬದಲಾಯಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಮತ್ತು ಮನೆತನದ ಹೆಸರುಗಳನ್ನು ಕಣ್ಣಿಟ್ಟು ನೋಡಿ. ಲಗ್ನಪತ್ರಿಕೆಯಲ್ಲಿ ಬೀಗರ ಹೆಸರು ತಪ್ಪಿದರೆ ಏನಾಗುತ್ತದೆ ಅಂತ ನಿಮಗೇ ಗೊತ್ತಲ್ಲ.

ಯೂನಿಕೋಡ್‌ನಲ್ಲಿ ಎಲ್ಲರನ್ನೂ ಕಾಡುವ ಎರಡು ಸಂಗತಿ ಇವೆ. ಬ್ಯಾನರ್‌ನಲ್ಲಿ ‘ರ‍್ಯಾಲಿ’ ಅಂತ ಬರೆಯಬೇಕು, ಆದರೆ ‘ರ್ಯಾಲಿ’ ಅಂತ ಅರ್ಕಾವತ್ತು ಬಂದು ಕೂರುತ್ತದೆ. ‘ರಾಜ್‌ಕುಮಾರ್’ ಬೇಕು, ‘ರಾಜ್ಕುಮಾರ್’ ಅಂತ ಕ ಒತ್ತು ಕೆಳಗಿಳಿಯುತ್ತದೆ. ಇದಕ್ಕೆ ಕಾಣದ ಎರಡು ಅಕ್ಷರಗಳಿವೆ. ಇಂಕ್‌ಸ್ಕೇಪ್‌ನಲ್ಲಿ ಟೆಕ್ಸ್ಟ್ ಟೂಲ್ ಹಿಡಿದು ಕಂಟ್ರೋಲ್ ಮತ್ತು ಯು ಒತ್ತಿ, 200 ಬರೆದು ಅದಕ್ಕೆ ಇಂಗ್ಲಿಷ್‌ನ ಡಿ ಸೇರಿಸಿ ಎಂಟರ್ ಒತ್ತಿದರೆ ಜೋಡಿಸುವ ಅಕ್ಷರ ಬರುತ್ತದೆ. ಡಿ ಬದಲು ಸಿ ಹಾಕಿದರೆ ಬಿಡಿಸುವ ಅಕ್ಷರ. ‘ರ‍್ಯಾಲಿ’ಗೆ ಮೊದಲಿನದು, ರ ಆದ ಮೇಲೆ, ಹಲಂತದ ಮುಂಚೆ. ‘ರಾಜ್‌ಕುಮಾರ್’ಗೆ ಎರಡನೆಯದು, ಜ್ ಆದ ಮೇಲೆ. ಒಂದು ಕಾಗದದಲ್ಲಿ ಬರೆದು ಮಾನಿಟರ್‌ಗೆ ಅಂಟಿಸಿಕೊಳ್ಳಿ. ಚುನಾವಣೆ ಬಂದಾಗ ಉಪಯೋಗಕ್ಕೆ ಬರುತ್ತದೆ.

ಫಾಂಟ್ ಕಡಿಮೆ ಅನ್ನುವ ಮಾತು ಈಗ ಹಳೆಯದು. ಪುಸ್ತಕ, ಆಮಂತ್ರಣದ ಮ್ಯಾಟರ್‌ಗೆ ನೋಟೋ ಸೆರಿಫ್ ಕನ್ನಡ ಅಥವಾ ಟಿರೋ ಕನ್ನಡ. ದಪ್ಪ ಶೀರ್ಷಿಕೆಗೆ ಬಲೂ ತಮ್ಮ. ಹುಬ್ಬಳ್ಳಿ ಅನ್ನುವ ಹೆಸರಿನದೇ ಒಂದು ಫಾಂಟ್ ಇದೆ, ಸರಳ ಬೋರ್ಡ್‌ಗಳಿಗೆ ಒಪ್ಪುತ್ತದೆ. ಎಲ್ಲವೂ ಗೂಗಲ್ ಫಾಂಟ್ಸ್‌ನಲ್ಲಿ ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ, ಅಚ್ಚು ಹಾಕಲು ಅಡ್ಡಿಯಿಲ್ಲ. ಬೆಳಗಾವಿಯವರಿಗೆ ನನ್ನ ಸಲಹೆ ಅನೇಕ್. ಅಲ್ಲಿ ಒಂದೇ ಪತ್ರಿಕೆಯಲ್ಲಿ ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಬರುತ್ತವೆ. ಅನೇಕ್ ಕುಟುಂಬದಲ್ಲಿ ಮೂರಕ್ಕೂ ಒಂದೇ ಮೈಕಟ್ಟಿನ ಅಕ್ಷರಗಳಿವೆ. ಒಂದು ದಪ್ಪ, ಒಂದು ತೆಳ್ಳಗೆ ಅಂತ ಅಡ್ಡಾದಿಡ್ಡಿ ಕಾಣುವುದಿಲ್ಲ.

ಅಂಗಡಿ ಬೋರ್ಡ್ ಮಾಡುವವರು ಇನ್ನೊಂದು ನೆನಪಿಡಿ. ರಾಜ್ಯದ ಕಾನೂನಿನಂತೆ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. 10 ಅಡಿ ಅಗಲ, 3 ಅಡಿ ಎತ್ತರದ ಬೋರ್ಡ್ ಆದರೆ ಮೇಲಿನಿಂದ 1.8 ಅಡಿಗೆ ಒಂದು ಗೈಡ್ ಗೆರೆ ಎಳೆದುಕೊಂಡು, ಅದರ ಮೇಲೆ ಬರೀ ಕನ್ನಡ ಕೂರಿಸಿದರೆ ಲೆಕ್ಕ ಸರಿಹೋಗುತ್ತದೆ. ಆಮೇಲೆ ಕೆಡವಿ ಮತ್ತೆ ಹಾಕುವ ಖರ್ಚು ತಪ್ಪುತ್ತದೆ.

ಒಂದು ಲಗ್ನಪತ್ರಿಕೆ ಮಾಡಿ ನೋಡೋಣ

ಬಹಳಷ್ಟು ಪತ್ರಿಕೆಗಳು ಶಿವಕಾಶಿಯಿಂದ ಬಣ್ಣ ಹೊಡೆದ ಖಾಲಿ ಕಾರ್ಡ್ ಆಗಿ ಬರುತ್ತವೆ. ನಾವು ಅಚ್ಚು ಹಾಕುವುದು ಒಳಗಿನ ಮ್ಯಾಟರ್ ಮಾತ್ರ, ಒಂದೇ ಬಣ್ಣದಲ್ಲಿ. ಅದಕ್ಕೆ ಇಂಕ್‌ಸ್ಕೇಪ್ ಒಂದೇ ಸಾಕು. ಆದರೆ ಫೋಟೋ ಇರುವ ಬಹುವರ್ಣದ ಪತ್ರಿಕೆ ಬಂದರೆ ಮೂರೂ ತಂತ್ರಾಂಶ ಬೇಕು. ಅದನ್ನೇ ನೋಡೋಣ.

ಮೊದಲು ಜಿಂಪ್. ವಧು–ವರರ ಫೋಟೋ ವಾಟ್ಸಾಪ್‌ನಲ್ಲಿ ಬಂದಿರುತ್ತದೆ. “ಡಾಕ್ಯುಮೆಂಟ್ ಮಾಡಿ ಕಳಸ್ರಿ ಅಣ್ಣಾರ” ಅಂತ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ವಾಟ್ಸಾಪ್ ಫೋಟೋವನ್ನು ಕುಗ್ಗಿಸುತ್ತದೆ. ಉದ್ದದ ಬದಿ 1600 ಪಿಕ್ಸೆಲ್ ಇದ್ದರೆ, 300 ಡಿಪಿಐ (ಇಂಚಿಗೆ 300 ಚುಕ್ಕೆ) ಲೆಕ್ಕದಲ್ಲಿ ಐದು ಇಂಚಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಹಿನ್ನೆಲೆ ತೆಗೆಯಲು ಫೋರ್‌ಗ್ರೌಂಡ್ ಸೆಲೆಕ್ಟ್ ಟೂಲ್ ಹಿಡಿದು, ಆಕೃತಿಯ ಸುತ್ತ ಒರಟಾಗಿ ಗೆರೆ ಹಾಕಿ, ಒಳಗೆ ಬ್ರಷ್ ಆಡಿಸಿ. ಬಂದ ಸೆಲೆಕ್ಷನ್ ಅನ್ನು ಲೇಯರ್ ಮಾಸ್ಕ್ ಮಾಡಿ (ಹಿನ್ನೆಲೆಯನ್ನು ಅಳಿಸದೆ ಬರೀ ಮರೆಮಾಡುತ್ತದೆ), ಡಿಲೀಟ್ ಮಾಡಬೇಡಿ. ಕೂದಲಿನ ಅಂಚು ಆಮೇಲೆ ತಿದ್ದಬಹುದು.

ಫೋಟೋಶಾಪ್‌ನಿಂದ ಬಂದವರು ಇಲ್ಲಿ ಒಮ್ಮೆ ತಬ್ಬಿಬ್ಬಾಗುತ್ತಾರೆ. ಜಿಂಪ್‌ನಲ್ಲಿ ಸೇವ್ ಒತ್ತಿದರೆ ಅದರ ಸ್ವಂತ ಎಕ್ಸ್‌ಸಿಎಫ್ ಫೈಲು ಮಾತ್ರ ಬರುತ್ತದೆ. ಜೆಪೆಗ್, ಪಿಎನ್‌ಜಿ ಬೇಕಾದರೆ ಎಕ್ಸ್‌ಪೋರ್ಟ್ ಮಾಡಬೇಕು. 2025ರ ಮಾರ್ಚ್‌ನಲ್ಲಿ ಬಂದ ಜಿಂಪ್ 3.0 ಹಾಕಿಕೊಳ್ಳಿ. ಅದರಲ್ಲಿ ಫಿಲ್ಟರ್‌ಗಳನ್ನು ಹಾಕಿದ ಮೇಲೂ ಬದಲಾಯಿಸಬಹುದು, ಮೂಲ ಚಿತ್ರ ಕೆಡುವುದಿಲ್ಲ.

ಆಮೇಲೆ ಇಂಕ್‌ಸ್ಕೇಪ್. ಹೊಸ ಫೈಲು ತೆಗೆದು ಡಾಕ್ಯುಮೆಂಟ್ ಪ್ರಾಪರ್ಟೀಸ್‌ನಲ್ಲಿ ಕಾರ್ಡಿನ ಅಳತೆಯನ್ನು ಮಿಲಿಮೀಟರ್‌ನಲ್ಲಿ ಕೊಡಿ. ಜಿಂಪ್‌ನಿಂದ ತಂದ ಫೋಟೋ, ಬಾರ್ಡರ್, ಗಣಪತಿ, ಮಂಗಲ ವಾದ್ಯದ ಚಿತ್ರ ಎಲ್ಲ ಇಲ್ಲೇ. ಮ್ಯಾಟರ್ ಕೂರಿಸಿ, ಪ್ರೂಫ್ ತೋರಿಸಿ, ಗಿರಾಕಿ ಒಪ್ಪಿದ ಮೇಲೆ ಎರಡು ಪ್ರತಿ ಉಳಿಸಿ. ಒಂದು ಹಾಗೇ ಇರಲಿ, ತಿದ್ದುವುದಕ್ಕೆ. ಇನ್ನೊಂದರಲ್ಲಿ ಎಲ್ಲ ಅಕ್ಷರ ಆರಿಸಿ ಪಾತ್ ಮೆನುವಿನ ಆಬ್ಜೆಕ್ಟ್ ಟು ಪಾತ್ ಒತ್ತಿ. ಕೋರಲ್‌ನಲ್ಲಿ ಕರ್ವ್ ಮಾಡಿದ ಹಾಗೆಯೇ. ಇನ್ನು ಪ್ರೆಸ್‌ನಲ್ಲಿ ನಿಮ್ಮ ಫಾಂಟ್ ಇರಲಿ ಬಿಡಲಿ, ಚಿಂತೆಯಿಲ್ಲ.

ಇಂಕ್‌ಸ್ಕೇಪ್‌ನಿಂದ ನೇರ ಪ್ರೆಸ್‌ಗೆ ಕಳಿಸಬೇಡಿ. ಅದು ಕೆಲಸ ಮಾಡುವುದು ಆರ್‌ಜಿಬಿಯಲ್ಲಿ, ಪರದೆಯ ಬಣ್ಣದಲ್ಲಿ. ಆ ಕಪ್ಪು ಅಕ್ಷರ ಪ್ರೆಸ್‌ನಲ್ಲಿ ನಾಲ್ಕೂ ಬಣ್ಣದ ಮಿಶ್ರಣವಾಗಿ ಒಡೆಯುತ್ತದೆ. ಪ್ಲೇಟ್ ಕೂದಲೆಳೆಯಷ್ಟು ಸರಿದರೂ ಸಣ್ಣ ಅಕ್ಷರದ ಅಂಚಿನಲ್ಲಿ ಕೆಂಪು, ನೀಲಿ ನೆರಳು ಕಾಣುತ್ತದೆ. ಒತ್ತಕ್ಷರ ತುಂಬಿದ ಕನ್ನಡದಲ್ಲಿ ಇದು ಇನ್ನೂ ಜಾಸ್ತಿ ಎದ್ದು ಕಾಣುತ್ತದೆ.

ಇದನ್ನು ಸರಿಮಾಡುವುದೇ ಸ್ಕ್ರೈಬಸ್. ಕಾರ್ಡಿನ ಅಳತೆಯ ಹೊಸ ಫೈಲು ತೆರೆದು ಬ್ಲೀಡ್ (ಕತ್ತರಿಸಲು ಅಂಚಿನಾಚೆ ಬಿಡುವ ಹೆಚ್ಚಿನ ಜಾಗ) 3 ಮಿಲಿಮೀಟರ್ ಕೊಡಿ. ಫೈಲ್ ಮೆನುವಿನ ಇಂಪೋರ್ಟ್‌ನಿಂದ ನಿಮ್ಮ ಎಸ್‌ವಿಜಿ ತನ್ನಿ. ಈಗ ಎಡಿಟ್ ಮೆನುವಿನಲ್ಲಿ ಕಲರ್ಸ್ ಆ್ಯಂಡ್ ಫಿಲ್ಸ್ ತೆರೆದರೆ, ಫ್ರಮ್ ಎಸ್‌ವಿಜಿ ಅಂತ ಶುರುವಾಗುವ ಬಣ್ಣಗಳ ಸಾಲು ಕಾಣುತ್ತದೆ. ಕಪ್ಪನ್ನು ಆರಿಸಿ, ಪ್ರೆಸ್‌ನ ನಾಲ್ಕು ಬಣ್ಣವಾದ ಸಿಎಂವೈಕೆಗೆ (ಸಿ ತಿಳಿನೀಲಿ, ಎಂ ಗುಲಾಬಿಗೆಂಪು, ವೈ ಹಳದಿ, ಕೆ ಕಪ್ಪು) ಬದಲಿಸಿ, ಮೊದಲ ಮೂರು ಸೊನ್ನೆ, ಕೆ 100 ಮಾಡಿ. ಇಡೀ ಪತ್ರಿಕೆಯ ಕಪ್ಪು ಒಂದೇ ಸಲಕ್ಕೆ ಸರಿಯಾಗುತ್ತದೆ. ಉಳಿದ ಬಣ್ಣಗಳೂ ಹೀಗೆಯೇ. ಅರಿಶಿನದ ಹಳದಿಗೆ ವೈ 100, ಕುಂಕುಮದ ಕೆಂಪಿಗೆ ಎಂ 100, ವೈ 100. ರಾಜ್ಯೋತ್ಸವದ ಬ್ಯಾನರ್‌ಗೂ ಇದೇ ಜೋಡಿ ನಡೆಯುತ್ತದೆ. ಪರದೆಯ ಮೇಲೆ ಮಿಂಚುವ ಹಸಿರು, ನೀಲಿ ಮಾತ್ರ ಕಾಗದದಲ್ಲಿ ಮಂಕಾಗುತ್ತವೆ. ಅದು ಶಾಯಿಯ ಮಿತಿ, ಯಾವ ತಂತ್ರಾಂಶವೂ ದಾಟುವುದಿಲ್ಲ. ಗಿರಾಕಿಗೆ ಮೊದಲೇ ಹೇಳಿ.

ಕೊನೆಗೆ ಪಿಡಿಎಫ್ ಮಾಡುವಾಗ ಸ್ಕ್ರೈಬಸ್ ತಾನೇ ತಪಾಸಣೆ ಮಾಡಿ, ಫೋಟೋ ಡಿಪಿಐ ಕಡಿಮೆ ಇದ್ದರೆ ಹೇಳುತ್ತದೆ. ಆ ಎಚ್ಚರಿಕೆ ಓದದೆ ದಾಟಬೇಡಿ. ಔಟ್‌ಪುಟ್ ಪ್ರಿಂಟರ್‌ಗೆ ಅಂತ ಆರಿಸಿ, ಕಟಿಂಗ್ ಮಾರ್ಕ್ ಹಾಕಿ, ಬ್ಲೀಡ್ ಸೇರಿಸಿ ಉಳಿಸಿ.

ಜಾತ್ರೆಯ ಸ್ಮರಣ ಸಂಚಿಕೆ, ಸಂಘದ ವರದಿಯಂಥ ಹತ್ತಾರು ಪುಟದ ಕೆಲಸವಾದರೆ ಮ್ಯಾಟರನ್ನು ಸ್ಕ್ರೈಬಸ್‌ನಲ್ಲೇ ಹರಿಸಿ. ಆದರೆ 1.6 ಅಥವಾ ಅದರ ಮುಂದಿನ ಆವೃತ್ತಿ ಇರಲಿ. ಹಳೇ 1.4ರಲ್ಲಿ ಕನ್ನಡದ ಒತ್ತಕ್ಷರ ಬಿಡಿಬಿಡಿಯಾಗಿ ಬೀಳುತ್ತಿತ್ತು. ಸ್ಕ್ರೈಬಸ್‌ನಲ್ಲಿ ಕನ್ನಡ ಬರಲ್ಲ ಅನ್ನುವ ಮಾತು ಹುಟ್ಟಿದ್ದು ಆಗ. 2024ರಲ್ಲಿ 1.6 ಬಂದ ಮೇಲೂ ಜನ ಅದನ್ನೇ ಹೇಳುತ್ತಿದ್ದಾರೆ.

ಫ್ಲೆಕ್ಸ್

ಫ್ಲೆಕ್ಸ್‌ಗೆ ಇಷ್ಟು ತಲೆಬಿಸಿ ಇಲ್ಲ. ದೂರದಿಂದ ನೋಡುವುದು, 72 ಡಿಪಿಐ ಸಾಕು. 10 ಅಡಿ, 8 ಅಡಿಯ ಬ್ಯಾನರ್ ಎಂದರೆ 8640 × 6912 ಪಿಕ್ಸೆಲ್. 4 ಜಿಬಿ ರ‍್ಯಾಮ್‌ನ ಕಂಪ್ಯೂಟರ್‌ನಲ್ಲಿ ಇದನ್ನು ಜಿಂಪ್‌ನಲ್ಲಿ ಹತ್ತು ಲೇಯರ್ ಮಾಡಿಕೊಂಡು ಕೂತರೆ ಉಸಿರು ಕಟ್ಟುತ್ತದೆ. ಅಡಿಗೆ ಒಂದು ಇಂಚು ಲೆಕ್ಕದಲ್ಲಿ ಇಂಕ್‌ಸ್ಕೇಪ್‌ನಲ್ಲಿ 10 × 8 ಇಂಚಿನ ಪುಟ ಮಾಡಿ. ಮುಖಗಳ ಫೋಟೋ ಮಾತ್ರ ಜಿಂಪ್‌ನಿಂದ ತಂದು ಕೂರಿಸಿ. ಮುಗಿದ ಮೇಲೆ 864 ಡಿಪಿಐನಲ್ಲಿ ಪಿಎನ್‌ಜಿ ಎಕ್ಸ್‌ಪೋರ್ಟ್ ಮಾಡಿದರೆ ಸರಿಯಾದ ಅಳತೆ ಬರುತ್ತದೆ. ಆ ಪಿಎನ್‌ಜಿಯನ್ನು ಜಿಂಪ್‌ನಲ್ಲಿ ತೆರೆದು, ಸಾಫ್ಟ್ ಪ್ರೂಫ್‌ಗೆ ಸಿಎಂವೈಕೆ ಪ್ರೊಫೈಲ್ ಕೊಟ್ಟು ಟಿಫ್ ಅಥವಾ ಜೆಪೆಗ್ ಮಾಡಬಹುದು. ಆರ್‌ಜಿಬಿ ಕೊಟ್ಟರೂ ಮಷಿನ್‌ನ ತಂತ್ರಾಂಶವೇ ಬದಲಿಸಿಕೊಳ್ಳುವುದುಂಟು. ಆಪರೇಟರ್‌ನನ್ನು ಕೇಳಿಕೊಳ್ಳಿ.

ಮಸುಕಾದ ಲೋಗೋ

“ಹಳೇ ವಿಸಿಟಿಂಗ್ ಕಾರ್ಡ್‌ನ್ಯಾಗ ಐತ್ರಿ, ಫೋಟೋ ಹೊಡದ ಕಳಸೇನಿ.” ಹೀಗೆ ಬಂದ ಲೋಗೋವನ್ನು ಜಿಂಪ್‌ನಲ್ಲಿ ಹಾಕಿ, ಲೆವೆಲ್ಸ್‌ನಲ್ಲಿ ಬಿಳಿಯನ್ನು ಪೂರಾ ಬಿಳಿ, ಕಪ್ಪನ್ನು ಪೂರಾ ಕಪ್ಪು ಮಾಡಿ. ಇಂಕ್‌ಸ್ಕೇಪ್‌ಗೆ ತಂದು ಪಾತ್ ಮೆನುವಿನ ಟ್ರೇಸ್ ಬಿಟ್‌ಮ್ಯಾಪ್ ಒತ್ತಿ, ಬ್ರೈಟ್‌ನೆಸ್ ಮಿತಿ ಹೆಚ್ಚುಕಡಿಮೆ ಮಾಡಿ ನೋಡಿ. ಬಂದ ಗೆರೆಯಲ್ಲಿ ಚುಕ್ಕೆಗಳು ಬಹಳ ಇದ್ದರೆ ಕಂಟ್ರೋಲ್ ಮತ್ತು ಎಲ್ ಒಮ್ಮೆ ಒತ್ತಿ, ಅಂಚು ನಯವಾಗುತ್ತದೆ. ಎರಡು ಸಲ ಒತ್ತಿದರೆ ಆಕಾರವೇ ಹೋಗಬಹುದು. ಲೋಗೋದೊಳಗಿನ ಅಕ್ಷರ ಟ್ರೇಸ್ ಮಾಡಬೇಡಿ, ಹತ್ತಿರದ ಫಾಂಟ್‌ನಲ್ಲಿ ಹೊಸದಾಗಿ ಬರೆಯಿರಿ.

ನೇಯ್ಗೆ, ಕಸೂತಿ, ಎಂಬ್ರಾಯ್ಡರಿ

ಇಳಕಲ್, ಗುಳೇದಗುಡ್ಡ, ರಬಕವಿ–ಬನಹಟ್ಟಿ ಕಡೆಯವರಿಗೆ ಈ ಭಾಗ.

ಕಸೂತಿ ಎಂದರೆ ಎಳೆ ಎಣಿಸಿ ಹಾಕುವ ಕೆಲಸ. ಗೋಪುರ, ತೇರು, ಆನೆ, ಎಲ್ಲವೂ ಚೌಕದ ಲೆಕ್ಕ. ಇಂಕ್‌ಸ್ಕೇಪ್‌ನ ಡಾಕ್ಯುಮೆಂಟ್ ಪ್ರಾಪರ್ಟೀಸ್‌ನಲ್ಲಿ ಗ್ರಿಡ್ ಹಾಕಿ, ಸ್ನ್ಯಾಪ್ ಆನ್ ಮಾಡಿ. ಗೆರೆ ಎಳೆದರೆ ತಾನಾಗಿಯೇ ಚೌಕದ ಮೂಲೆಗೆ ಹೋಗಿ ಕೂರುತ್ತದೆ. ಗವಂತಿ ಹೊಲಿಗೆಯ ಗೆರೆ, ಮುರ್ಗಿ ಹೊಲಿಗೆಯ ಮೆಟ್ಟಿಲು ಎರಡೂ ಹೀಗೆ ಸಲೀಸು. ಒಂದು ಬುಟ್ಟಾ ಆದ ಮೇಲೆ ಎಡಿಟ್ ಮೆನುವಿನ ಕ್ಲೋನ್‌ನಲ್ಲಿ ಕ್ರಿಯೇಟ್ ಟೈಲ್ಡ್ ಕ್ಲೋನ್ಸ್ ತೆರೆದು ಎಷ್ಟು ಸಾಲು, ಎಷ್ಟು ಕಂಬ ಅಂತ ಕೊಡಿ. ಇಡೀ ಖಣ ತುಂಬಿಕೊಳ್ಳುತ್ತದೆ. ಮೊದಲ ಬುಟ್ಟಾದಲ್ಲಿ ಒಂದು ಎಲೆ ತಿದ್ದಿದರೆ ಎಲ್ಲದರಲ್ಲೂ ತಿದ್ದಿದಂತೆ. ಸೀರೆ ಅಂಗಡಿಯವರ ಮುಂದೆ ಕೂತು ಬಣ್ಣ ಬದಲಿಸಿ ತೋರಿಸಲು ಇದರಷ್ಟು ಬೇಗ ಇನ್ಯಾವುದೂ ಇಲ್ಲ.

ಕೈಯಲ್ಲಿ ಬಿಡಿಸುವ ಅಭ್ಯಾಸ ಇದ್ದರೆ ಕ್ರಿಟಾದಲ್ಲಿ ಡಬ್ಲ್ಯೂ ಕೀ ಒತ್ತಿ ನೋಡಿ. ಚಿತ್ರ ನಾಲ್ಕೂ ದಿಕ್ಕಿಗೆ ತನ್ನಷ್ಟಕ್ಕೆ ಮುಂದುವರಿಯುತ್ತದೆ. ಬಲ ಅಂಚಿನಲ್ಲಿ ಹೊರಹೋದ ಬಳ್ಳಿ ಎಡ ಅಂಚಿನಲ್ಲಿ ಒಳಬರುತ್ತದೆ. ಜೋಡಣೆಯ ಗುರುತು ಕಾಣದ ವಿನ್ಯಾಸಕ್ಕೆ ಇದು ಬಹಳ ಒಳ್ಳೆಯದು. ಕ್ರಿಟಾದಲ್ಲಿ ಸಿಎಂವೈಕೆಯಲ್ಲೇ ಫೈಲು ತೆರೆಯಲೂಬಹುದು.

ಇನ್ನು ಇಂಕ್ ಸ್ಟಿಚ್. ಇದರ ಬಗ್ಗೆ ನಮ್ಮ ಕಡೆ ಗೊತ್ತಿರುವವರು ಕಡಿಮೆ, ಆದರೆ ಬ್ಲೌಸ್‌ಗೆ ಕಂಪ್ಯೂಟರ್ ಎಂಬ್ರಾಯ್ಡರಿ ಮಾಡುವವರು ಪ್ರತಿ ಊರಲ್ಲಿದ್ದಾರೆ. ಡಿಸೈನ್ ಫೈಲನ್ನು ಅವರು ಕೊಂಡು ತರಬೇಕು, ಇಲ್ಲ ದುಬಾರಿ ತಂತ್ರಾಂಶ ಇಟ್ಟವರ ಹತ್ತಿರ ಹೋಗಬೇಕು. ಇಂಕ್ ಸ್ಟಿಚ್ ಎಂಬುದು ಇಂಕ್‌ಸ್ಕೇಪ್‌ಗೆ ಸೇರಿಸುವ ಪುಕ್ಕಟೆ ಜೋಡಣೆ. ಎಕ್ಸ್‌ಟೆನ್ಷನ್ಸ್ ಮೆನುವಿನಲ್ಲಿ ಬಂದು ಕೂರುತ್ತದೆ. ನೀವು ಬಿಡಿಸಿದ ಆಕಾರಕ್ಕೆ ತುಂಬುವ ಹೊಲಿಗೆಯೋ, ಸ್ಯಾಟಿನ್ನೋ, ಬರೀ ಗೆರೆಯೋ ಅಂತ ಪ್ಯಾರಾಮ್ಸ್‌ನಲ್ಲಿ ಹೇಳಿದರೆ, ಸೂಜಿ ಹೇಗೆ ಓಡುತ್ತದೆ ಅಂತ ಪರದೆಯ ಮೇಲೆ ತೋರಿಸುತ್ತದೆ. ಆಮೇಲೆ ಡಿಎಸ್‌ಟಿ, ಪಿಇಎಸ್, ಜೆಇಎಫ್ ಯಾವುದು ನಿಮ್ಮ ಮಷಿನ್‌ಗೆ ಬೇಕೋ ಅದರಲ್ಲಿ ಉಳಿಸಿ. ಡಿಎಸ್‌ಟಿ ಫೈಲಿನಲ್ಲಿ ದಾರದ ಬಣ್ಣ ಉಳಿಯುವುದಿಲ್ಲ. ಯಾವ ಸಂಖ್ಯೆಗೆ ಯಾವ ದಾರ ಅಂತ ಚೀಟಿ ಬರೆದು ಜೊತೆಗೆ ಕೊಡಿ. ಹೊಲಿಗೆ ಬಟ್ಟೆಯನ್ನು ಎಳೆಯುವುದರಿಂದ ಆಕಾರ ಸ್ವಲ್ಪ ಕುಗ್ಗುತ್ತದೆ. ಪುಲ್ ಕಾಂಪೆನ್ಸೇಷನ್‌ನಲ್ಲಿ ಅಷ್ಟನ್ನು ಮೊದಲೇ ಸೇರಿಸಬೇಕು. ಎಷ್ಟು ಅಂತ ಬಟ್ಟೆಯ ತುಂಡಿನ ಮೇಲೆ ಹೊಲಿದು ನೋಡಿಯೇ ತಿಳಿಯಬೇಕು. ನೇರ ಗಿರಾಕಿಯ ಬ್ಲೌಸ್ ಮೇಲೆ ಹಚ್ಚಬೇಡಿ.

ವಿಡಿಯೋ, ಫೋಟೋ, ಮೂರು ಆಯಾಮ

ಲಗ್ನದ ವಿಡಿಯೋ ಆಮಂತ್ರಣಕ್ಕೆ ಕೆಡೆನ್‌ಲೈವ್ ಅಥವಾ ಶಾಟ್‌ಕಟ್. ಹಳೇ ಕಂಪ್ಯೂಟರ್ ಆದರೆ ಶಾಟ್‌ಕಟ್‌ನಿಂದ ಶುರು ಮಾಡಿ. ಕ್ಯಾಮೆರಾದ ರಾ (ಸಂಸ್ಕರಿಸದ ಮೂಲ) ಫೋಟೋಗಳಿಗೆ ಡಾರ್ಕ್‌ಟೇಬಲ್. ದನಿ ಕತ್ತರಿಸಲು ಆಡಾಸಿಟಿ. ಮೂರು ಆಯಾಮಕ್ಕೆ ಬ್ಲೆಂಡರ್, ಅದರ ತಾಕತ್ತಿನ ಬಗ್ಗೆ ಅನುಮಾನ ಬೇಡ. 2025ರಲ್ಲಿ ಆಸ್ಕರ್ ಗೆದ್ದ ಲಾಟ್ವಿಯಾದ ಅನಿಮೇಷನ್ ಚಿತ್ರ ತಯಾರಾದದ್ದು ಅದರಲ್ಲೇ.

ಎಲ್ಲಿ ಕಡಿಮೆ ಬೀಳುತ್ತದೆ

ಕೆಲಸ ಹುಡುಕುವ ಹುಡುಗರಿಗೆ ಒಂದು ಮಾತು. ಪತ್ರಿಕಾ ಕಚೇರಿ, ದೊಡ್ಡ ಏಜೆನ್ಸಿಗಳು ಇನ್ನೂ ಫೋಟೋಶಾಪ್, ಇನ್‌ಡಿಸೈನ್ ಬರುತ್ತದಾ ಅಂತಲೇ ಕೇಳುತ್ತವೆ. ಅವುಗಳ ಪರಿಚಯ ಬಿಡಬೇಡಿ. ಇನ್‌ಡಿಸೈನ್ ಫೈಲು ಸ್ಕ್ರೈಬಸ್‌ಗೆ ಬರಬೇಕಾದರೆ ಕಳಿಸುವವರು ಅದನ್ನು ಐಡಿಎಂಎಲ್ ಎಂಬ ಬಗೆಯ ಫೈಲಾಗಿ ಮಾಡಿ ಕೊಡಬೇಕು. ಫೋಟೋಶಾಪ್‌ನ ಪಿಎಸ್‌ಡಿ ಜಿಂಪ್‌ನಲ್ಲಿ ತೆರೆಯುತ್ತದೆ, ಆದರೆ ಎಲ್ಲ ಎಫೆಕ್ಟ್‌ಗಳೂ ಹಾಗೇ ಬರುತ್ತವೆ ಅಂತ ನಂಬಿಕೊಂಡು ಗಿರಾಕಿಗೆ ಟೈಮ್ ಕೊಡಬೇಡಿ. ಒಮ್ಮೆ ತೆರೆದು ನೋಡಿಯೇ ಕೊಡಿ.

ಬದಲಾವಣೆಗೆ ಲಗ್ನದ ಸೀಸನ್ ಆರಿಸಿಕೊಳ್ಳಬೇಡಿ. ಗಿರಾಕಿ ಕಡಿಮೆ ಇರುವ ಆಷಾಢ ಒಳ್ಳೆಯದು. ಮೊದಲು ಬಿಲ್ ಬುಕ್, ವಿಸಿಟಿಂಗ್ ಕಾರ್ಡ್‌ನಂಥ ಸಣ್ಣ ಕೆಲಸ ಹೊಸ ತಂತ್ರಾಂಶದಲ್ಲಿ ಮಾಡಿ, ಆಮೇಲೆ ಫ್ಲೆಕ್ಸ್, ಕೊನೆಗೆ ಬಹುವರ್ಣದ ಪತ್ರಿಕೆ.

ಪ್ರೆಸ್‌ನವರು “ಸಿಡಿಆರ್ ಫೈಲೇ ಬೇಕ್ರಿ” ಅಂತ ಪಟ್ಟು ಹಿಡಿದರೆ, ಅವರಿಗೆ ಬೇಕಾಗಿರುವುದು ಏನು ಅಂತ ಕೇಳಿ. ಬಹಳ ಸಲ ಅಕ್ಷರ ಕರ್ವ್ ಆಗಿರಬೇಕು, ಕಪ್ಪು ಒಂದೇ ಪ್ಲೇಟಿನಲ್ಲಿ ಇರಬೇಕು, ಬ್ಲೀಡ್ ಇರಬೇಕು, ಅಷ್ಟೇ. ಮೂರೂ ಸ್ಕ್ರೈಬಸ್‌ನ ಪಿಡಿಎಫ್‌ನಲ್ಲಿವೆ. ಮೊದಲ ಸಲ ಒಂದು ಸಣ್ಣ ಕಾರ್ಡಿನ ಪಿಡಿಎಫ್ ಕೊಟ್ಟು, ಪ್ಲೇಟ್ ಮಾಡುವಾಗ ಪಕ್ಕದಲ್ಲಿ ನಿಂತು ನೋಡಿ.